ಗಡಿಯ ಎರಡೂ ಬದಿಗೆ ಅರ್ಜಿ: ಕಾಸರಗೋಡಿನ ಪ್ಲಸ್ ಟು ವಿದ್ಯಾರ್ಥಿಗಳು ಕಾಲೇಜು ಆರಿಸುವುದು ಹೇಗೆ

2025ರಲ್ಲಿ ಕರ್ನಾಟಕದ ದ್ವಿತೀಯ ಪಿಯುಸಿ ಫಲಿತಾಂಶ ಬಂದದ್ದು ಏಪ್ರಿಲ್ 8ರಂದು. ಕೇರಳದ ಪ್ಲಸ್ ಟು ಫಲಿತಾಂಶ ಬಂದದ್ದು ಮೇ 22ರಂದು. ನಡುವೆ ಆರು ವಾರ. ಆ ಆರು ವಾರಗಳಲ್ಲಿ ಮಂಗಳೂರು, ಪುತ್ತೂರು, ಸುಳ್ಯದ ಕಾಲೇಜುಗಳು ಅರ್ಜಿ ಪಡೆದು ಸೀಟು ಕೊಡಲು ಶುರುಮಾಡಿರುತ್ತವೆ. ನಮ್ಮ ಮಕ್ಕಳು ಫಲಿತಾಂಶ ಬರಲಿ, ಆಮೇಲೆ ನೋಡೋಣ ಎಂದು ಮನೆಯಲ್ಲಿ ಕುಳಿತಿರುತ್ತಾರೆ. ಗಡಿಗೆ ಹತ್ತಿರದ ಹೈಯರ್ ಸೆಕೆಂಡರಿ ಶಾಲೆಯೊಂದರಲ್ಲಿ ಪಾಠ ಮಾಡುವ ನಾನು ಪ್ರತಿ ಬೇಸಿಗೆಯಲ್ಲಿ ಇದನ್ನು ನೋಡುತ್ತೇನೆ. ಒಳ್ಳೆಯ ಅಂಕ ಪಡೆದ ಮಕ್ಕಳು ಸೀಟು ಕಳೆದುಕೊಳ್ಳುವುದು ಹೆಚ್ಚಾಗಿ ದಿನಾಂಕ ತಪ್ಪಿದ್ದರಿಂದ ಅಥವಾ ಒಂದು ಕಾಗದ ಕೈಯಲ್ಲಿ ಇಲ್ಲದ್ದರಿಂದ.

ಮಂಜೇಶ್ವರ, ಕಾಸರಗೋಡು, ಹೊಸದುರ್ಗ ತಾಲೂಕುಗಳ ಕನ್ನಡಿಗರಿಗೆ ಎರಡು ರಾಜ್ಯಗಳ ಬಾಗಿಲು ತೆರೆದಿದೆ. ಎರಡೂ ಬಾಗಿಲು ಬೇರೆ ಬೇರೆ ದಿನ ತೆರೆಯುತ್ತವೆ, ಬೇರೆ ಬೇರೆ ಕಾಗದ ಕೇಳುತ್ತವೆ. ಆದ್ದರಿಂದ ಕಾಲೇಜಿನ ಹೆಸರಿಗಿಂತ ಮೊದಲು ಪಂಚಾಂಗವನ್ನೂ ಕಾಗದಗಳನ್ನೂ ಸರಿಮಾಡಿಕೊಳ್ಳಿ.

ಮೊದಲ ಹೆಜ್ಜೆ: ಎರಡು ಅಂಕಣದ ಪುಸ್ತಕ

ಪ್ಲಸ್ ಟು ವರ್ಷದ ಡಿಸೆಂಬರ್‌ನಲ್ಲಿ ನೂರು ಪುಟದ ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಕೇರಳ, ಬಲಕ್ಕೆ ಕರ್ನಾಟಕ ಎಂದು ಬರೆಯಿರಿ. ನಿಮಗೆ ಇಷ್ಟವಾದ ಒಂದೊಂದು ಕೋರ್ಸಿಗೆ ಒಂದೊಂದು ಪುಟ ಬಿಡಿ. ಪ್ರತಿ ಅಂಕಣದಲ್ಲಿ ನಾಲ್ಕು ಸಂಗತಿ ತುಂಬಬೇಕು: ಯಾವ ಪರೀಕ್ಷೆ ಅಥವಾ ಯಾವ ಅಂಕದ ಮೇಲೆ ಸೀಟು, ಅರ್ಜಿ ಯಾವ ತಿಂಗಳಲ್ಲಿ, ಯಾವ ಕಾಗದ ಬೇಕು, ವರ್ಷಕ್ಕೆ ಒಟ್ಟು ಎಷ್ಟು ಖರ್ಚು.

ಹೀಗೆ ಬರೆಯುವಾಗಲೇ ಅನೇಕ ವಿಷಯ ಬಯಲಾಗುತ್ತದೆ. ಉದಾಹರಣೆಗೆ ಬಿ.ಎಸ್ಸಿ. ಕೃಷಿ. ಅಡಿಕೆ ತೋಟದ ಮನೆಗಳ ಮಕ್ಕಳು ಹಲವರು ಇದನ್ನು ಕೇಳುತ್ತಾರೆ. ಕೇರಳದಲ್ಲಿ ಈ ಸೀಟು ನೀಟ್ ರ‍್ಯಾಂಕಿನ ಆಧಾರದಲ್ಲಿ ಸಿಗುತ್ತದೆ. ನಮ್ಮ ಜಿಲ್ಲೆಯ ಪಡನ್ನಕ್ಕಾಡು ಕೃಷಿ ಕಾಲೇಜಿಗೂ ಹಾಗೆಯೇ. ಕರ್ನಾಟಕದಲ್ಲಿ ಅದೇ ಪದವಿಗೆ ನೀಟ್ ಬೇಡ, ಆ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿ ಬರೆಯಬೇಕು. ಮಂಗಳೂರಿನ ಮೀನುಗಾರಿಕಾ ಕಾಲೇಜಿಗೂ ದಾರಿ ಸಿಇಟಿಯೇ. ನೀಟ್‌ನಲ್ಲಿ ಭರವಸೆ ಕಡಿಮೆ ಇರುವ ವಿದ್ಯಾರ್ಥಿಗೆ ಬಲಗಡೆಯ ಅಂಕಣದಲ್ಲಿ ಒಂದು ದಾರಿ ಉಳಿದಿದೆ ಎಂಬುದು ಪುಸ್ತಕದಲ್ಲಿ ಬರೆದಾಗ ಮಾತ್ರ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಸಂಗತಿ ಬಹಳ ಮನೆಗಳಲ್ಲಿ ತಿಳಿದಿಲ್ಲ. ಸುರತ್ಕಲ್‌ನ ಎನ್‌ಐಟಿಕೆ ನಮಗೆ ಹತ್ತಿರ, ಕೋಯಿಕ್ಕೋಡಿನ ಎನ್‌ಐಟಿ (ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ) ದೂರ. ಆದರೆ ಎನ್‌ಐಟಿಗಳಲ್ಲಿ ಅರ್ಧ ಸೀಟು ಸ್ವರಾಜ್ಯದವರಿಗೆ, ಅಂದರೆ ಸಂಸ್ಥೆ ಇರುವ ರಾಜ್ಯದವರಿಗೆ; ಅದನ್ನು ಲೆಕ್ಕ ಹಾಕುವುದು ಹನ್ನೆರಡನೇ ತರಗತಿ ಪಾಸಾದ ರಾಜ್ಯದ ಆಧಾರದಲ್ಲಿ. ಕುಂಬಳೆಯಲ್ಲಿ ಪ್ಲಸ್ ಟು ಪಾಸಾದ ಹುಡುಗನಿಗೆ ಸ್ವರಾಜ್ಯದ ಸೀಟು ಕೋಯಿಕ್ಕೋಡಿನಲ್ಲಿ. ಸುರತ್ಕಲ್‌ನಲ್ಲಿ ಅವನು ಹೊರರಾಜ್ಯದವನು. ಆಯ್ಕೆಯ ಕ್ರಮ ಹಾಕುವಾಗ ಇದನ್ನು ನೆನಪಿಡಿ.

ಎರಡನೆಯ ಹೆಜ್ಜೆ: ಕಾಗದ ಮೊದಲು, ಅರ್ಜಿ ಆಮೇಲೆ

ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ಒಬ್ಬ ತಂದೆ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಗಳ ಹನ್ನೆರಡು ವರ್ಷದ ಓದು. ಜಗಲಿಯಲ್ಲಿ ಚಾಪೆ ಹಾಸಿ ಒಂದೊಂದಾಗಿ ಹರಡಿದೆವು. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರಿನ ಕೊನೆಗೆ ಒಂದೇ ಇನಿಷಿಯಲ್. ಆಧಾರ್‌ನಲ್ಲಿ ಇನಿಷಿಯಲ್ ಇಲ್ಲ, ತಂದೆಯ ಹೆಸರು ಪೂರ್ತಿ ಸೇರಿಕೊಂಡಿದೆ. ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಹೆಸರಿನ ಇಂಗ್ಲಿಷ್ ಕಾಗುಣಿತವೇ ಬೇರೆ, ಮಲಯಾಳದಲ್ಲಿ ಬರೆದಿದ್ದುದನ್ನು ಯಾರೋ ಇಂಗ್ಲಿಷಿಗೆ ತಿರುಗಿಸಿದ ಹಾಗೆ. "ಟೀಚರೇ, ಮೂರೂ ಇವಳೇ ಅಲ್ಲವೇ?" ಎಂದು ತಂದೆ ಕೇಳಿದರು. ನಮಗೆ ಮೂರೂ ಅವಳೇ. ವಿದ್ಯಾರ್ಥಿವೇತನದ ಜಾಲತಾಣಕ್ಕೆ ಮೂವರು ಬೇರೆ ಬೇರೆ ಹುಡುಗಿಯರು. ಆಧಾರ್ ತಿದ್ದಿಸಿ, ಬ್ಯಾಂಕಿನ ಹೆಸರು ಬದಲಾಯಿಸಿ ಮುಗಿಸುವಷ್ಟರಲ್ಲಿ ಒಂದು ಅರ್ಜಿಯ ಕೊನೆಯ ದಿನ ದಾಟಿತ್ತು.

ಆದ್ದರಿಂದ ಕ್ರಿಸ್ಮಸ್ ರಜೆಯಲ್ಲೇ ಎಸ್‌ಎಸ್‌ಎಲ್‌ಸಿ ಪುಸ್ತಕ, ಆಧಾರ್, ಪಾಸ್‌ಬುಕ್ ಈ ಮೂರನ್ನು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇರುವಂತೆ ಉಳಿದವನ್ನು ತಿದ್ದಿಸಿ.

ಸರ್ಕಾರಿ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದ ಮೂಲಕ ಸಿಗುವ ಪ್ರಮಾಣಪತ್ರಗಳನ್ನು ಜನವರಿಯಿಂದ ಒಂದೊಂದಾಗಿ ಮಾಡಿಸಿಕೊಳ್ಳಿ: ನೇಟಿವಿಟಿ (ಇಲ್ಲಿನವರೆಂಬುದಕ್ಕೆ), ಆದಾಯ, ಜಾತಿ, ಹಿಂದುಳಿದ ವರ್ಗದವರಾದರೆ ನಾನ್ ಕ್ರೀಮಿ ಲೇಯರ್ (ಆ ವರ್ಗದೊಳಗಿನ ಮುಂದುವರಿದ ಕುಟುಂಬವಲ್ಲ ಎಂಬುದಕ್ಕೆ). ಪರದೆಯ ಮೇಲಿನ ನಮೂನೆ ಮಲಯಾಳದಲ್ಲಿದ್ದು ನಿಮಗೆ ಓದಲು ಬಾರದಿದ್ದರೆ, ಪ್ರತಿ ಸಾಲನ್ನೂ ಓದಿ ಹೇಳಲು ಕೇಂದ್ರದವರನ್ನು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ತಪ್ಪು ತುಂಬಿದರೆ ವಿಲೇಜ್ ಆಫೀಸಿಗೆ ಮತ್ತೆ ಅಲೆಯುವವರು ನೀವು. ನೆನಪಿಡಬೇಕಾದ ಇನ್ನೊಂದು ಮಾತು: ಕೇರಳದಲ್ಲಿ ಪಡೆದ ಜಾತಿ ಪ್ರಮಾಣಪತ್ರ ಕೇರಳದ ಮೀಸಲಾತಿಗಾಗಿ ಇರುವುದು. ಅದೇ ಕಾಗದದಿಂದ ಕರ್ನಾಟಕದಲ್ಲೂ ಮೀಸಲಾತಿ ಸಿಗುತ್ತದೆಂದು ಲೆಕ್ಕ ಹಾಕಿ ಕಾಲೇಜು ಆರಿಸಬೇಡಿ.

ಮೂರನೆಯ ಹೆಜ್ಜೆ: ಗಡಿನಾಡು ಕನ್ನಡಿಗ ಎಂಬ ಅರ್ಹತೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕರ್ನಾಟಕದ ಸಿಇಟಿ ಮೂಲಕ ಸರ್ಕಾರಿ ಸೀಟು ಪಡೆಯಲು ಸಾಮಾನ್ಯವಾಗಿ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು. ನಮಗೆ ಅದರಿಂದ ಹೊರತಾದ ಒಂದು ದಾರಿ ಇದೆ. ಮಾತೃಭಾಷೆ ಕನ್ನಡ ಅಥವಾ ತುಳು ಆಗಿದ್ದು, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ವಾಸವಿದ್ದು, ಒಂದರಿಂದ ಹನ್ನೆರಡನೆಯ ತರಗತಿಯ ನಡುವೆ ಏಳು ವರ್ಷ ಅಲ್ಲಿಯೇ ಓದಿ, ಹನ್ನೆರಡನೆಯ ತರಗತಿಯನ್ನೂ ಅಲ್ಲಿಯೇ ಪಾಸಾದವರು ಗಡಿನಾಡು ಕನ್ನಡಿಗರೆಂದು ಅರ್ಜಿ ಹಾಕಬಹುದು. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳ ಕನ್ನಡಿಗರಿಗೂ ಇದೇ ಅವಕಾಶವಿದೆ.

ಇದಕ್ಕೆ ಬೇಕಾದದ್ದು ಓದಿದ ಪ್ರತಿ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ, ವಾಸ ಮತ್ತು ಮಾತೃಭಾಷೆಯ ಬಗ್ಗೆ ಅಧಿಕಾರಿಗಳ ಪ್ರಮಾಣಪತ್ರ. ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆ ಒಂದು ಕಡೆ, ಯುಪಿ (ಹಿರಿಯ ಪ್ರಾಥಮಿಕ) ಇನ್ನೊಂದು ಕಡೆ, ಹೈಸ್ಕೂಲು ಮತ್ತೊಂದು ಕಡೆ ಓದಿದ್ದರೆ ಮೂರು ಶಾಲೆಗಳಿಗೂ ಹೋಗಬೇಕು. ಬೇಸಿಗೆ ರಜೆಯಲ್ಲಿ ಮುಖ್ಯೋಪಾಧ್ಯಾಯರು ಸಿಗುವುದು ಕಷ್ಟ. ಆ ವರ್ಷದ ಸಿಇಟಿ ಮಾಹಿತಿ ಪುಸ್ತಕದಲ್ಲಿ ಪ್ರಮಾಣಪತ್ರದ ನಮೂನೆ ಕೊಟ್ಟಿರುತ್ತಾರೆ. ಅದನ್ನೇ ಮುದ್ರಿಸಿಕೊಂಡು ಹೋಗಿ. ಶಾಲೆಯವರು ತಮ್ಮ ಪದ್ಧತಿಯಂತೆ ಬರೆದುಕೊಟ್ಟ ಕಾಗದ ಪರಿಶೀಲನೆಯ ಮೇಜಿನಲ್ಲಿ ನಿಲ್ಲದೆ ಹೋಗಬಹುದು.

ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆ ಪ್ರತ್ಯೇಕ ಕನ್ನಡ ಭಾಷಾ ಪರೀಕ್ಷೆ ಇದೆ. 2024ರಲ್ಲಿ ಸಿಇಟಿ ಏಪ್ರಿಲ್ 18 ಮತ್ತು 19ರಂದು ನಡೆದು, ಭಾಷಾ ಪರೀಕ್ಷೆ 20ರಂದು ಇತ್ತು. ಭಾಷಾ ಪರೀಕ್ಷೆ ತಪ್ಪಿಸಿಕೊಂಡರೆ ಸಿಇಟಿಯ ಎರಡು ದಿನದ ಶ್ರಮವೂ ಹೋದಂತೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಪರೀಕ್ಷೆ ಕಷ್ಟವಾಗದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆದ ಮಕ್ಕಳು ಮಾತ್ರ ಎರಡು ತಿಂಗಳ ಮೊದಲೇ ದಿನಕ್ಕೆ ಒಂದು ಪುಟ ಕೈಬರಹ ಅಭ್ಯಾಸ ಮಾಡಿ. ಒತ್ತಕ್ಷರ ಮರೆತವರು ನನ್ನ ತರಗತಿಯಲ್ಲೂ ಇದ್ದಾರೆ.

ಸಿಇಟಿ ಅರ್ಜಿ ಪಡೆಯುವುದು ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ, ಅಂದರೆ ಪ್ಲಸ್ ಟು ಪಬ್ಲಿಕ್ ಪರೀಕ್ಷೆಯ ತಯಾರಿಯ ನಡುವೆ. ಪಠ್ಯದ ಬಗ್ಗೆ ಹೆದರಬೇಡಿ. ವಿಜ್ಞಾನ ವಿಷಯಗಳಿಗೆ ಎರಡೂ ರಾಜ್ಯಗಳ ಪಾಠ ಎನ್‌ಸಿಇಆರ್‌ಟಿ ಪುಸ್ತಕಗಳನ್ನೇ ಆಧರಿಸಿದೆ. ವಿಷಯಕ್ಕೆ 60 ಅಂಕ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕದ ಅರ್ಧ, ಹನ್ನೆರಡನೆಯ ತರಗತಿಯ ಅಂಕದ ಅರ್ಧ ಸೇರಿಸುತ್ತಾರೆ.

ನಾಲ್ಕನೆಯ ಹೆಜ್ಜೆ: ಪದವಿಯ ನಂತರ ಏನು ಎಂದು ಕೇಳಿ ಕೋರ್ಸು ಆರಿಸುವುದು

ಈಗ ಎರಡು ರಾಜ್ಯಗಳ ಪದವಿಯ ಉದ್ದವೇ ಬೇರೆಯಾಗಿದೆ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಕ್ರಮ ಬಂದಿದೆ. ಮೂರು ವರ್ಷ ಮುಗಿಸಿ ಪದವಿ ಪಡೆದು ಹೊರಬರಬಹುದು, ನಾಲ್ಕನೆಯ ವರ್ಷ ಓದಿದರೆ ಆನರ್ಸ್. ಕರ್ನಾಟಕ ಅದೇ 2024ರಲ್ಲಿ ನಾಲ್ಕು ವರ್ಷದ ಕ್ರಮವನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಸಂಶೋಧನೆಯ ಕಡೆ ಮನಸ್ಸಿರುವವರಿಗೆ ಆನರ್ಸ್ ಉಪಯುಕ್ತ. ಮೂರು ವರ್ಷ ಮುಗಿಸಿ ಬಿ.ಎಡ್., ಕಾನೂನು ಅಥವಾ ಕೆಲಸ ಎನ್ನುವವರಿಗೆ ಎರಡೂ ಒಂದೇ.

ಕನ್ನಡ ಓದಬೇಕೆಂಬ ಮಕ್ಕಳ ಬಗ್ಗೆ ವಿಶೇಷವಾಗಿ ಹೇಳುತ್ತೇನೆ. ಕನ್ನಡ ಓದಿದರೆ ಏನು ಸಿಗುತ್ತದೆ ಎಂದು ಕೇಳುವವರು ಬಂಧುಗಳಲ್ಲೇ ಇರುತ್ತಾರೆ. ಸಿಗುತ್ತದೆ. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕು. ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಕನ್ನಡ ಅಧ್ಯಾಪಕರ ಹುದ್ದೆಗಳನ್ನೂ ಮಲಯಾಳ ಮತ್ತು ಕನ್ನಡ ಎರಡೂ ತಿಳಿದವರ ಹುದ್ದೆಗಳನ್ನೂ ಪ್ರತ್ಯೇಕವಾಗಿ ಕರೆಯುತ್ತದೆ. ಕನ್ನಡ ಬಾರದವರು ಕನ್ನಡ ತರಗತಿಗೆ ಬಂದು ನಿಂತಾಗ ಮಕ್ಕಳೂ ಪೋಷಕರೂ ಪಟ್ಟ ಪಾಡನ್ನು ನಾವು ಕಂಡಿದ್ದೇವೆ. ಆ ಜಾಗ ತುಂಬಬೇಕಾದವರು ನೀವೇ. ವಿದ್ಯಾನಗರದ ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪದವಿಯೂ ಸ್ನಾತಕೋತ್ತರ ವಿಭಾಗವೂ ಇವೆ. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಇದೆ, ಅಲ್ಲಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿ ಪಿಜಿ ಬರೆಯಬೇಕು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ಕನ್ನಡ ವಿಭಾಗ ಎಲ್ಲರಿಗೂ ಗೊತ್ತು. ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವ ಆಸೆಯಿದ್ದರೆ ಪ್ಲಸ್ ಟು ಆದ ಕೂಡಲೇ ಮಾಯಿಪ್ಪಾಡಿಯ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಕಡೆಯೂ ನೋಡಿ.

ಕರ್ನಾಟಕದಲ್ಲಿ ಪದವಿ ಮುಗಿಸಿ ಕೇರಳದಲ್ಲಿ ಬಿ.ಎಡ್. ಅಥವಾ ಸರ್ಕಾರಿ ಕೆಲಸ ಬಯಸುವವರಿಗೆ ಇಲ್ಲಿನ ವಿಶ್ವವಿದ್ಯಾಲಯದಿಂದ ತತ್ಸಮಾನ ಪ್ರಮಾಣಪತ್ರ ಕೇಳುವುದುಂಟು. ಆದ್ದರಿಂದ ಸೇರುವ ಮೊದಲೇ ವಿಷಯದ ಹೆಸರು ನೋಡಿ. ಹೊಸ ಹೊಸ ಹೆಸರಿನ ಕೋರ್ಸುಗಳಿಗಿಂತ ಗಣಿತ, ರಸಾಯನಶಾಸ್ತ್ರ, ಇತಿಹಾಸ, ವಾಣಿಜ್ಯ ಎಂಬ ಹಳೆಯ ಹೆಸರಿನ ಪದವಿಗೆ ಮುಂದೆ ತೊಡಕು ಕಡಿಮೆ. ಇದು ನನ್ನ ಅಭಿಪ್ರಾಯ, ಆದರೆ ಹಲವು ವಿದ್ಯಾರ್ಥಿಗಳ ಅಲೆದಾಟ ನೋಡಿ ಬಂದ ಅಭಿಪ್ರಾಯ.

ವೈದ್ಯಕೀಯದ ಬಗ್ಗೆ ಚಿಕ್ಕದಾಗಿ. ನೀಟ್ ಬರೆದರೆ ಸಾಲದು. ಕೇರಳದ ಸೀಟು ಬೇಕಾದರೆ ಆ ರಾಜ್ಯದ ವೃತ್ತಿಪರ ಕೋರ್ಸುಗಳ ಪ್ರವೇಶಕ್ಕಿರುವ ಕೀಂ ಅರ್ಜಿಯನ್ನು ಅದರ ಅವಧಿಯಲ್ಲೇ ಹಾಕಿರಬೇಕು, ಅದರ ಪ್ರವೇಶ ಪರೀಕ್ಷೆ ಬರೆಯದಿದ್ದರೂ. ಕನ್ನಡದಲ್ಲಿ ನೀಟ್ ಬರೆಯುವವರು ಕರ್ನಾಟಕದ ಕೇಂದ್ರವನ್ನೇ ಆರಿಸಬೇಕು. ನರ್ಸಿಂಗ್‌ಗೆ ಕೇರಳದಲ್ಲಿ ಪ್ಲಸ್ ಟು ಅಂಕದ ಮೇಲೆ ಎಲ್‌ಬಿಎಸ್ ಸೆಂಟರ್ ಎಂಬ ಸರ್ಕಾರಿ ಸಂಸ್ಥೆ ಹಂಚಿಕೆ ಮಾಡುತ್ತದೆ. ಕರ್ನಾಟಕದಲ್ಲಿ ಸರ್ಕಾರಿ ಕೋಟಾದ ಸೀಟಿಗೆ ಸಿಇಟಿ. ಮನೆ ಬಾಗಿಲಿಗೆ ಬಂದು ಮಂಗಳೂರಿನ, ಬೆಂಗಳೂರಿನ ನರ್ಸಿಂಗ್ ಸೀಟು ಕೊಡಿಸುತ್ತೇನೆ ಎನ್ನುವ ಏಜೆಂಟರ ಕೈಗೆ ದುಡ್ಡು ಕೊಡಬೇಡಿ. ಕಾಲೇಜಿಗೆ ನೀವೇ ಹೋಗಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಆ ವರ್ಷಕ್ಕೆ ಇದೆಯೇ ಎಂದು ಕೇಳಿ, ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಸ್ವತಃ ನೋಡಿ, ಶುಲ್ಕವನ್ನು ಕಾಲೇಜಿನ ಖಾತೆಗೇ ಕಟ್ಟಿ ರಸೀದಿ ಪಡೆಯಿರಿ.

ಐದನೆಯ ಹೆಜ್ಜೆ: ದಾರಿಯ ಲೆಕ್ಕ

ಮನೆಯಿಂದ ಓಡಾಡಿ ಓದುವುದಾದರೆ ನಕ್ಷೆಯ ದೂರಕ್ಕಿಂತ ಬೆಳಗ್ಗೆಯ ಬಸ್ಸು ಮುಖ್ಯ. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ರೈಲಿನಲ್ಲಿ ಮಂಗಳೂರು ಸುಲಭ. ಪೆರ್ಲ, ಬದಿಯಡ್ಕದ ಕಡೆಯವರಿಗೆ ಪುತ್ತೂರು ಅನುಕೂಲ. ಅಲ್ಲಿ ವಿವೇಕಾನಂದ ಕಾಲೇಜು, ಸಂತ ಫಿಲೋಮಿನಾ ಕಾಲೇಜು ಇವೆ. ಮುಳ್ಳೇರಿಯ, ಆದೂರು ಭಾಗದವರಿಗೆ ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಸುಳ್ಯ. ಹಾಗೆಯೇ ಮಂಜೇಶ್ವರದಲ್ಲಿ ಗೋವಿಂದ ಪೈ ಅವರ ಹೆಸರಿನ ಸರ್ಕಾರಿ ಕಾಲೇಜು ಇದ್ದೂ, ಅದನ್ನು ದಾಟಿ ದುಬಾರಿ ಕಾಲೇಜಿಗೆ ಹೋಗುವ ಮೊದಲು ಒಮ್ಮೆ ಒಳಗೆ ಹೋಗಿ ನೋಡಿ. ಸರ್ಕಾರಿ ಕಾಲೇಜಿನ ಶುಲ್ಕಕ್ಕೂ ಖಾಸಗಿ ಕಾಲೇಜಿನ ಶುಲ್ಕಕ್ಕೂ ಇರುವ ಅಂತರದಲ್ಲಿ ಮುಂದೆ ಬಿ.ಎಡ್. ಮುಗಿಸಬಹುದು.

ಪಟ್ಟಿಯಲ್ಲಿ ಮೇಲೆ ಇಟ್ಟ ಕಾಲೇಜಿಗೆ ಒಂದು ಕೆಲಸದ ದಿನ, ತರಗತಿಗೆ ಮುಟ್ಟುವಂತೆ ಬೆಳಗ್ಗೆ ಹೊರಟು ಸಂಜೆ ಮರಳಿ ನೋಡಿ. ಮಳೆಗಾಲದಲ್ಲಿ ಇನ್ನೂ ಅರ್ಧ ಗಂಟೆ ಸೇರಿಸಿ. ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಕಂಡಕ್ಟರನ್ನೇ ಕೇಳಿ. ಹೆಣ್ಣುಮಕ್ಕಳ ಮನೆಯವರು ಒಂದು ಮಾತು ತಿಳಿದಿರಲಿ: ಕರ್ನಾಟಕದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಆ ರಾಜ್ಯದ ನಿವಾಸಿಗಳಿಗೆ ಮಾತ್ರ, ಕಾಸರಗೋಡಿನ ಆಧಾರ್ ತೋರಿಸಿದರೆ ನಡೆಯದು. ರೈಲಿನಲ್ಲಿ ಮಾತ್ರ ಹುಡುಗಿಯರಿಗೆ ಪದವಿಯವರೆಗೆ ಮನೆಗೂ ಕಾಲೇಜಿಗೂ ನಡುವೆ ಎರಡನೆಯ ದರ್ಜೆಯ ತಿಂಗಳ ಸೀಸನ್ ಟಿಕೆಟ್ ಉಚಿತ. ಇದಕ್ಕೆ ರಾಜ್ಯದ ಗಡಿ ಅಡ್ಡ ಬರುವುದಿಲ್ಲ.

ವಿದ್ಯಾರ್ಥಿವೇತನದಲ್ಲೂ ಗಡಿ ದಾಟುವಂಥದ್ದು ಯಾವುದು, ದಾಟದ್ದು ಯಾವುದು ಎಂದು ಬೇರೆ ಮಾಡಿ. ರಾಜ್ಯ ಸರ್ಕಾರಗಳು ಕೊಡುವುದಕ್ಕೆ ಆಯಾ ರಾಜ್ಯದ ಷರತ್ತು ಇರುತ್ತದೆ. ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದ ಕೇಂದ್ರೀಯ ಯೋಜನೆಯೊಂದರಲ್ಲಿ, ತಮ್ಮ ಬೋರ್ಡಿನಲ್ಲಿ ಮೇಲಿನ ಶೇಕಡಾ 20ರೊಳಗೆ ಬಂದು ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದವರು ಪದವಿಗೆ ವರ್ಷಕ್ಕೆ 12,000 ರೂಪಾಯಿಗೆ ಅರ್ಜಿ ಹಾಕಬಹುದು. ವಿದ್ಯಾನಗರದಲ್ಲಿ ಓದಿದರೂ ಪುತ್ತೂರಿನಲ್ಲಿ ಓದಿದರೂ.

ಆರನೆಯ ಹೆಜ್ಜೆ: ಆಪ್ಷನ್ ಕೊಡುವ ಕ್ರಮ

ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿಗೆ ಏಕಗವಾಕ್ಷಿ ಅರ್ಜಿ, ಅಂದರೆ ಎಲ್ಲಕ್ಕೂ ಒಂದೇ ಅರ್ಜಿ. ಇಪ್ಪತ್ತರವರೆಗೆ ಆಪ್ಷನ್ (ಕಾಲೇಜು, ಕೋರ್ಸಿನ ಆಯ್ಕೆ) ಕೊಡಬಹುದು. ಇಲ್ಲಿ ತಪ್ಪುವುದು ಕ್ರಮದಲ್ಲಿ. ಸಿಗುವುದು ಸುಲಭ ಎಂದು ಮನಸ್ಸಿಲ್ಲದ ಕೋರ್ಸನ್ನು ಮೊದಲು ಬರೆಯಬೇಡಿ. ಮೇಲಿನ ಆಪ್ಷನ್ ಸಿಕ್ಕಿದೊಡನೆ ಕೆಳಗಿನವು ತಾವಾಗಿ ರದ್ದಾಗುತ್ತವೆ. ಮೊದಲ ಆಪ್ಷನ್ನೇ ಸಿಕ್ಕಿದವರು ಸೇರಲೇಬೇಕು, ಇಲ್ಲವಾದರೆ ಹಂಚಿಕೆಯಿಂದಲೇ ಹೊರಗೆ. ಆದ್ದರಿಂದ ನಿಮಗೆ ಬೇಕಾದ ಕ್ರಮದಲ್ಲೇ ಬರೆಯಿರಿ, ಯಾವ ಕಾರಣಕ್ಕೂ ಸೇರುವುದಿಲ್ಲ ಎನ್ನುವುದನ್ನು ಬರೆಯಲೇ ಬೇಡಿ. ಟ್ರಯಲ್ ಅಲಾಟ್‌ಮೆಂಟ್ (ಪ್ರಾಯೋಗಿಕ ಹಂಚಿಕೆ) ಬಂದಾಗ ಏನು ಸಿಕ್ಕಿದೆ ಎಂದು ನೋಡಿ ತಿದ್ದಲು ಅವಕಾಶವಿದೆ. ಮ್ಯಾನೇಜ್‌ಮೆಂಟ್, ಕಮ್ಯೂನಿಟಿ, ಕ್ರೀಡಾ ಕೋಟಾಗಳಿಗೆ ಕಾಲೇಜಿನಲ್ಲಿ ಬೇರೆಯೇ ಅರ್ಜಿ ಕೊಡಬೇಕು. ಪ್ರಾಸ್ಪೆಕ್ಟಸ್‌ನಲ್ಲಿ ಭಾಷಾ ಅಲ್ಪಸಂಖ್ಯಾತ ಎಂಬ ಪದ ಎಲ್ಲೆಲ್ಲಿ ಬರುತ್ತದೆ ಎಂದು ಹುಡುಕಿ, ಅಲ್ಲಿ ಕೇಳಿದ ಕಾಗದ ಜೋಡಿಸಿ.

ಕರ್ನಾಟಕದ ಕಾಲೇಜುಗಳಿಗೆ ಏಪ್ರಿಲ್ ಮೊದಲ ವಾರದಲ್ಲೇ ಹೋಗಿ ಒಂದೇ ಪ್ರಶ್ನೆ ಕೇಳಿ: ಕೇರಳದ ಫಲಿತಾಂಶ ಬರುವ ಮೊದಲು ಪ್ಲಸ್ ಒನ್ ಅಂಕಪಟ್ಟಿಯ ಮೇಲೆ ಅರ್ಜಿ ತೆಗೆದುಕೊಳ್ಳುತ್ತೀರಾ? ಕೆಲವರು ತೆಗೆದುಕೊಳ್ಳುತ್ತಾರೆ. ಅಂಕದ ಬಗ್ಗೆಯೂ ವಿವರಿಸಿ ಹೇಳಿ. ನಮ್ಮದು ಎರಡು ವರ್ಷ ಸೇರಿ 1200, ಅವರದು ದ್ವಿತೀಯ ವರ್ಷದ 600. ಕಚೇರಿಯಲ್ಲಿ ಶೇಕಡಾವಾರು ಬರೆದು ತೋರಿಸಿದರೆ ಗೊಂದಲ ಇರುವುದಿಲ್ಲ.

ಒಟ್ಟು ಎಷ್ಟು ಕಡೆ ಅರ್ಜಿ? ಕಣ್ಣೂರಿನ ಏಕಗವಾಕ್ಷಿಯ ಜೊತೆಗೆ ಕರ್ನಾಟಕದಲ್ಲಿ ಮೂರು ಕಾಲೇಜು ಸಾಕು: ಆಸೆಯದ್ದು ಒಂದು, ಅಂಕಕ್ಕೆ ತಕ್ಕದ್ದು ಒಂದು, ಖಂಡಿತ ಸಿಗುವಂಥದ್ದು ಒಂದು. ಅದಕ್ಕಿಂತ ಹೆಚ್ಚಾದರೆ ಅರ್ಜಿ ಶುಲ್ಕವೂ ಬಸ್ಸಿನ ಖರ್ಚೂ ಮನೆಗೆ ಭಾರ.

ಏಳನೆಯ ಹೆಜ್ಜೆ: ಒಂದು ಕಡೆ ಸೇರಿ ಇನ್ನೊಂದು ಕಡೆ ಸಿಕ್ಕಿದರೆ

ಜೂನ್‌ನಲ್ಲಿ ಮಂಗಳೂರಿನಲ್ಲಿ ಶುಲ್ಕ ಕಟ್ಟಿ ಕುಳಿತವರಿಗೆ ಕಣ್ಣೂರಿನ ಎರಡನೆಯ ಅಲಾಟ್‌ಮೆಂಟ್‌ನಲ್ಲಿ ಬೇಕಾದ ಸೀಟು ಬರುವುದು ಸಾಮಾನ್ಯ. ಕಟ್ಟಿದ ಹಣ ಮರಳಿ ಬಾರದು ಎಂದು ಹೆದರಿ ಅಲ್ಲಿಯೇ ಉಳಿಯುವವರಿದ್ದಾರೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲು ಬಿಟ್ಟರೆ ಪೂರ್ತಿ ಶುಲ್ಕ ಮರಳಬೇಕು; ಕಚೇರಿ ವೆಚ್ಚಕ್ಕೆಂದು ಶೇಕಡಾ 5, ಹೆಚ್ಚೆಂದರೆ 5,000 ರೂಪಾಯಿ ಹಿಡಿಯಬಹುದು. ಆ ಕೊನೆಯ 15 ದಿನದೊಳಗೆ ಬಿಟ್ಟರೆ ಶೇಕಡಾ 90. ಕೊನೆಯ ದಿನಾಂಕ ದಾಟಿ 15 ದಿನದೊಳಗೆ ಶೇಕಡಾ 80, ಮೂವತ್ತು ದಿನದೊಳಗೆ ಶೇಕಡಾ 50. ಅದರ ನಂತರ ಏನೂ ಇಲ್ಲ. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ ಎಂಬುದೂ ಅದೇ ಅಧಿಸೂಚನೆಯಲ್ಲಿದೆ. ಬಿಡುವ ಅರ್ಜಿಯನ್ನು ಬಾಯಲ್ಲಿ ಹೇಳಬೇಡಿ, ದಿನಾಂಕ ಹಾಕಿ ಬರೆದು ಕೊಟ್ಟು, ನಕಲಿನ ಮೇಲೆ ಕಚೇರಿಯ ಮುದ್ರೆ ಹಾಕಿಸಿಕೊಳ್ಳಿ. ಮಂಗಳೂರಿನಲ್ಲಿ ಟಿ.ಸಿ. ಕೊಟ್ಟಿದ್ದರೆ ಅದೇ ದಿನ ಮರಳಿ ಕೇಳಿ, ಅದಿಲ್ಲದೆ ಇಲ್ಲಿ ಸೇರಿಸಿಕೊಳ್ಳುವುದಿಲ್ಲ.

ಸೇರಿದ ಮೊದಲ ತಿಂಗಳು

ಬೇರೆ ಬೋರ್ಡಿನಿಂದ ಹೋದವರು ಕರ್ನಾಟಕದ ವಿಶ್ವವಿದ್ಯಾಲಯದಿಂದ ಅರ್ಹತಾ ಪ್ರಮಾಣಪತ್ರ ಪಡೆಯಬೇಕು, ಅದಕ್ಕೆ ಕೇರಳ ಬೋರ್ಡಿನ ಮೈಗ್ರೇಶನ್ (ವಲಸೆ) ಪ್ರಮಾಣಪತ್ರ ಬೇಕು. ನಾನು ಗಡಿಯಾಚೆಗೆ ಪದವಿಗೆ ಸೇರಿದಾಗ ಈ ವಿಷಯ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೊದಲ ಪರೀಕ್ಷೆಗೆ ನಾಲ್ಕು ದಿನ ಇರುವಾಗ ಸೂಚನಾ ಫಲಕದಲ್ಲಿ ಹಾಲ್ ಟಿಕೆಟ್ ತಡೆಹಿಡಿದವರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಅಪ್ಪ ತೋಟದ ಕೆಲಸ ಬಿಟ್ಟು ಎರಡು ದಿನ ಕಚೇರಿಯಿಂದ ಕಚೇರಿಗೆ ಓಡಾಡಿದರು. ದಂಡ ಕಟ್ಟಿ ಪರೀಕ್ಷೆಯ ಹಿಂದಿನ ಸಂಜೆ ಹಾಲ್ ಟಿಕೆಟ್ ಕೈಗೆ ಬಂತು. ಆ ರಾತ್ರಿ ಓದಿದ್ದೇನೂ ತಲೆಗೆ ಹೋಗಲಿಲ್ಲ. ನೀವು ಸೇರಿದ ವಾರದಲ್ಲೇ ಕಾಲೇಜು ಕಚೇರಿಗೆ ಹೋಗಿ, ಅರ್ಹತಾ ಪ್ರಮಾಣಪತ್ರದ ಅರ್ಜಿ ಯಾವಾಗ, ಶುಲ್ಕ ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಎಲ್ಲ ಮೂಲ ಕಾಗದಗಳ ಐದೈದು ನಕಲು ಮನೆಯಲ್ಲಿರಲಿ, ಫೋಟೋ ತೆಗೆದು ಮೊಬೈಲಿನಲ್ಲೂ ಇರಲಿ. ಅದೇ ದಿನ ಪ್ರಾಂಶುಪಾಲರಿಂದ ಸೀಸನ್ ಟಿಕೆಟ್ಟಿನ ಪ್ರಮಾಣಪತ್ರಕ್ಕೂ ಸಹಿ ಮಾಡಿಸಿಕೊಂಡರೆ, ಸಂಜೆ ಮನೆಗೆ ಮರಳುವಾಗ ರೈಲು ನಿಲ್ದಾಣದ ಕೌಂಟರಿನಲ್ಲಿ ಆ ಕೆಲಸವೂ ಮುಗಿಯುತ್ತದೆ.